ಒಳಕಿವಿ ಬರೀ ಕೇಳಿಸಿಕೊಳ್ಳಲ್ಲ, ತಾನೂ ಸದ್ದು ಮಾಡುತ್ತಂತೆ. ನಿಜಾನಾ?

ಚಾಮರಾಜಪೇಟೆ ಚಿಕ್ಕಮ್ಮ
ಎಲ್ಲರಿಗೂ ನಮಸ್ಕಾರ. ಅಕ್ಕನಿಗೆ ಮೊನ್ನೆ ಹೆರಿಗೆ ಆಯಿತು, ಹೆಣ್ಣು ಮಗು. ಡಿಸ್ಚಾರ್ಜ್‌ಗೆ ಮುಂಚೆ ಒಬ್ಬರು ಅಂಗೈಯಗಲದ ಮೆಷಿನ್ ಹಿಡಿದು ಬಂದರು. ವೈರ್ ತುದಿಯಲ್ಲಿ ಮೆತ್ತನೆ ರಬ್ಬರ್ ಬಿರಡೆ. ನಿದ್ದೆಯಲ್ಲಿದ್ದ ಮಗುವಿನ ಕಿವಿಗೆ ಅದನ್ನು ಸಿಕ್ಕಿಸಿದರು. ಬಲಗಿವಿ ಪಾಸ್, ಎಡಗಿವಿ ರೆಫರ್ ಅಂತ ಬಂತು. ಅಮ್ಮ ಅಲ್ಲೇ ಅಳೋಕೆ ಶುರು ಮಾಡಿದರು.

ನಿದ್ದೆ ಮಾಡ್ತಿರೋ ಮಗುವಿಗೆ ಕೇಳಿಸ್ತಿದೆಯೋ ಇಲ್ಲವೋ ಅಂತ ಹೇಗೆ ಗೊತ್ತಾಗುತ್ತೆ ಅಂತ ಕೇಳಿದೆ. "ಮಗು ಏನೂ ಮಾಡಬೇಕಿಲ್ಲಮ್ಮ. ಕಿವಿಯೇ ವಾಪಸ್ ಸದ್ದು ಮಾಡುತ್ತೆ, ಅದನ್ನ ಮೈಕ್ ಹಿಡಿಯುತ್ತೆ" ಅಂದು ಪಕ್ಕದ ಬೆಡ್‌ಗೆ ಹೋಗಿಬಿಟ್ಟರು. ಕಿವಿ ಸದ್ದು ಮಾಡೋದು ಅಂದರೇನು? ಇಲ್ಲಿ ಗೊತ್ತಿರೋರು ಯಾರಾದರೂ ಇದ್ದೀರಾ? ಎಡಗಿವಿ ಬಗ್ಗೆ ಎಷ್ಟು ಹೆದರಬೇಕು?

ನಂಬಲ್ಲ ನಾನು
ಮೈಕ್ ಯಾವತ್ತಾದರೂ ಹಾಡುತ್ತಾ ಗುರು? ಮೆಷಿನ್ ಒಳಗೆ ಸದ್ದು ಬಿಡುತ್ತೆ, ಅದು ಕಿವಿಯ ತಮಟೆಗೆ ಬಡಿದು ವಾಪಸ್ ಬರುತ್ತೆ. ಪ್ರತಿಧ್ವನಿ ಅಷ್ಟೇ. ಅದಕ್ಕೆ ದೊಡ್ಡ ಹೆಸರಿಟ್ಟು ಬಿಲ್ ಮಾಡ್ತಾರೆ.

ಕಿವಿಮಾತು
ನಾನು ಆಡಿಯಾಲಜಿಸ್ಟ್, ಅಂದರೆ ಕೇಳುವಿಕೆಯ ಪರೀಕ್ಷೆ ಮಾಡೋಳು, ಇದೇ ಊರಿನಲ್ಲಿ. ಮೊದಲು ಚಿಕ್ಕಮ್ಮನವರಿಗೆ ಉತ್ತರ. ರೆಫರ್ ಅಂದರೆ ಕಿವುಡು ಅಂತ ಅಲ್ಲ, ಮತ್ತೆ ನೋಡಬೇಕು ಅಂತ ಅಷ್ಟೇ. ಹುಟ್ಟಿದ ಒಂದೆರಡು ದಿನ ಕಿವಿಯ ಕೊಳವೆಯಲ್ಲಿ ಮೈಗೆ ಅಂಟಿದ ಬಿಳಿ ಜಿಡ್ಡು ಕೂತಿರುತ್ತೆ. ಕೆಲವು ಮಕ್ಕಳ ನಡುಗಿವಿಯಲ್ಲಿ ಸ್ವಲ್ಪ ನೀರು ಇನ್ನೂ ಇರುತ್ತೆ. ಅಷ್ಟು ಸಾಕು ರೆಫರ್ ಬರೋಕೆ. ಒಂದು ತಿಂಗಳು ತುಂಬುವುದರೊಳಗೆ ಮತ್ತೆ ಮಾಡಿಸಿ. ಆಗಲೂ ಬರಲಿಲ್ಲ ಅಂದರೆ ಕಿವಿಯ ನರದ ತನಕ ನೋಡೋ ಬೇರಾ ಟೆಸ್ಟ್ ಮಾಡುತ್ತಾರೆ. ಮೂರು ತಿಂಗಳೊಳಗೆ ತೊಂದರೆ ಇದೆಯೋ ಇಲ್ಲವೋ ಖಚಿತ ಆಗಬೇಕು, ಇದ್ದರೆ ಆರು ತಿಂಗಳೊಳಗೆ ಚಿಕಿತ್ಸೆ ಶುರುವಾಗಬೇಕು. ಹೆದರಬೇಡಿ, ಆದರೆ ಮರೆಯಲೂ ಬೇಡಿ. ನಾನು ನೋಡಿರೋ ಮಟ್ಟಿಗೆ ಹೆದರೋರಿಗಿಂತ ಮರೆಯೋರೇ ಜಾಸ್ತಿ. ಬಾಣಂತನ, ನಾಮಕರಣ, ನೆಂಟರು ಅಂತ ದಿನ ಹೋಗಿಬಿಡುತ್ತೆ.

ಈಗ 'ನಂಬಲ್ಲ ನಾನು' ಅವರಿಗೆ. ನಿಮ್ಮ ಅನುಮಾನ ತಪ್ಪಲ್ಲ. 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಇದನ್ನು ಮೊದಲು ಪ್ರಕಟಿಸಿದಾಗ ಎದ್ದ ಮೊದಲ ಪ್ರಶ್ನೆಯೂ ಇದೇ. ಅವರು ಕಿವಿಯೊಳಗೆ ಪುಟ್ಟ ಸ್ಪೀಕರ್, ಪುಟ್ಟ ಮೈಕ್ ಇಟ್ಟು 'ಟಿಕ್' ಅನ್ನೋ ಸದ್ದು ಬಿಟ್ಟರು. ದೊಡ್ಡವರ ಕಿವಿ ಕೊಳವೆ ಎರಡೂವರೆ ಸೆಂಟಿಮೀಟರ್ ಉದ್ದ ಅಷ್ಟೇ. ತಮಟೆಗೆ ಬಡಿದು ವಾಪಸ್ ಬರೋ ಪ್ರತಿಧ್ವನಿ ಒಂದು ಮಿಲಿಸೆಕೆಂಡಿನ ಕಾಲುಭಾಗ ಕೂಡ ತೆಗೆದುಕೊಳ್ಳಲ್ಲ. ಕೆಂಪ್‌ಗೆ ಸಿಕ್ಕ ಸದ್ದು ಬಂದಿದ್ದು 5ರಿಂದ 15 ಮಿಲಿಸೆಕೆಂಡ್ ತಡವಾಗಿ. ಅಷ್ಟು ಹೊತ್ತು ಅದು ಎಲ್ಲಿತ್ತು?

ಇನ್ನೊಂದು ವಿಷಯ. ಗೋಡೆಯ ಪ್ರತಿಧ್ವನಿ ಆಗಿದ್ದರೆ ಟಿಕ್ ಜೋರು ಮಾಡಿದಷ್ಟೂ ಅದೂ ಜೋರಾಗಬೇಕು. ಇದು ಹಾಗಾಗಲ್ಲ. ಟಿಕ್ಕನ್ನು 10 ಡೆಸಿಬಲ್ ಏರಿಸಿದರೆ ವಾಪಸ್ ಬರೋದು ಎರಡೋ ಮೂರೋ ಏರುತ್ತೆ, ಆಮೇಲೆ ನಿಂತೇಬಿಡುತ್ತೆ. ಒಳಕಿವಿ ಹಾಳಾದವರಲ್ಲಿ ಕೊಳವೆ, ತಮಟೆ ಎಲ್ಲ ಸರಿ ಇದ್ದರೂ ಈ ಸದ್ದು ಬರೋದೇ ಇಲ್ಲ. ಗೋಡೆ ಇದೆ, ಪ್ರತಿಧ್ವನಿ ಇಲ್ಲ. ಹಾಗಾದರೆ ಅದು ಗೋಡೆಯದಲ್ಲ ಅಲ್ವಾ?

ನಂಬಲ್ಲ ನಾನು
ತಡವಾಗಿ ಬರೋದು ಸರಿ. ಆದರೆ ಒಳಗೆ ಹೋದ ಶಕ್ತಿಯೇ ಎಲ್ಲೋ ಸುತ್ತಿ ಬಂದಿರಬಹುದಲ್ಲ. 'ಕಿವಿ ಮಾಡಿದ ಸದ್ದು' ಅನ್ನೋಕೆ ಕಿವಿ ತನ್ನ ಕೈಯಿಂದ ಏನಾದರೂ ಹಾಕಬೇಕು.

ಸರ್ಕ್ಯೂಟ್ ಸೀನ
ಒಳ್ಳೆ ಪ್ರಶ್ನೆ. ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹೊಟ್ಟೆಪಾಡಿಗೆ ಆಂಪ್ಲಿಫೈಯರ್ ರಿಪೇರಿ ಮಾಡೋನು ನಾನು. ಈ ಕಥೆ ನಂಗೆ ತುಂಬಾ ಇಷ್ಟ.

ಒಳಕಿವಿಯ ಕೇಳೋ ಭಾಗಕ್ಕೆ ಕಾಕ್ಲಿಯ ಅಂತಾರೆ. ಬಸವನಹುಳುವಿನ ಚಿಪ್ಪಿನ ಥರ ಎರಡೂವರೆ ಸುತ್ತು. ಬಿಚ್ಚಿ ನೇರ ಮಾಡಿದರೆ ಸುಮಾರು 35 ಮಿಲಿಮೀಟರ್. ಒಳಗೆಲ್ಲ ದ್ರವ. ಉದ್ದಕ್ಕೂ ಒಂದು ಪೊರೆ ಹಾದು ಹೋಗುತ್ತೆ. ಬುಡದಲ್ಲಿ ಅದು ಅಗಲ ಕಮ್ಮಿ, ಬಿಗಿ ಜಾಸ್ತಿ. ತುದಿಗೆ ಹೋದಂತೆ ಅಗಲ ಆಗುತ್ತೆ, ಸಡಿಲ ಆಗುತ್ತೆ. ಹಾಗಾಗಿ ಕೀರಲು ದನಿ ಬುಡದ ಹತ್ತಿರವೇ ಪೊರೆಯನ್ನು ಅಲುಗಿಸುತ್ತೆ, ದಪ್ಪ ದನಿ ತುದಿಯ ತನಕ ಅಲೆಯಾಗಿ ಹೋಗುತ್ತೆ. ಯಾವ ಜಾಗ ಅಲುಗಿತು ಅನ್ನೋದರ ಮೇಲೆ ಯಾವ ಸ್ವರ ಅಂತ ಮಿದುಳಿಗೆ ಗೊತ್ತಾಗುತ್ತೆ.

ಈ ಅಲೆಯನ್ನು ಕಣ್ಣಾರೆ ನೋಡಿದವರು ಗಿಯಾರ್ಗ್ ಫಾನ್ ಬೆಕೆಶಿ. ಬುಡಾಪೆಸ್ಟ್‌ನ ಟೆಲಿಫೋನ್ ಲ್ಯಾಬ್‌ನಲ್ಲಿ ಕೆಲಸ ಮಾಡ್ತಿದ್ದವರು. 1961ರಲ್ಲಿ ನೊಬೆಲ್ ಬಂತು. ಆದರೆ ಒಂದು ತೊಡಕಿತ್ತು. ಅವರು ನೋಡಿದ್ದು ಸತ್ತವರ ಕಿವಿಗಳನ್ನು. ಅಲುಗಾಟ ಕಣ್ಣಿಗೆ ಕಾಣಬೇಕು ಅಂತ ವಿಪರೀತ ಜೋರಾದ ಸದ್ದು ಕೊಟ್ಟಿದ್ದರು. ಆ ಕಿವಿಗಳಲ್ಲಿ ಅಲೆ ಉಬ್ಬಿದ್ದು ಅಗಲವಾಗಿ, ಮೊಂಡಾಗಿ. ನಮ್ಮ ಕಿವಿಯೋ ಅಕ್ಕಪಕ್ಕದ ಎರಡು ಶ್ರುತಿಗಳ ಸಣ್ಣ ವ್ಯತ್ಯಾಸ ಹಿಡಿಯುತ್ತೆ. ಅಷ್ಟು ಮೊಂಡು ಅಲೆಯಿಂದ ಅಷ್ಟು ಚೂಪಾದ ಕೇಳುವಿಕೆ ಹೇಗೆ ಸಾಧ್ಯ?

1948ರಲ್ಲೇ ಥಾಮಸ್ ಗೋಲ್ಡ್ ಅನ್ನೋರು ಉತ್ತರ ಹೇಳಿದ್ದರು. ಮುಂದೆ ಖಗೋಳ ವಿಜ್ಞಾನಕ್ಕೆ ಹೆಸರಾದವರು. ಯುದ್ಧದ ಟೈಮಲ್ಲಿ ರೇಡಾರ್ ಕೆಲಸ ಮಾಡಿದ್ದರು. ಅವರ ವಾದ ಸರಳ. ದ್ರವದೊಳಗೆ ಅಲುಗೋ ಯಾವುದೂ ಬೇಗ ನಿಂತುಹೋಗುತ್ತೆ. ನಿಲ್ಲದೆ ಚೂಪಾಗಿ ಅಲುಗಬೇಕಾದರೆ ಪ್ರತಿ ಸುತ್ತಿಗೂ ಯಾರೋ ಶಕ್ತಿ ತುಂಬುತ್ತಿರಬೇಕು. ಅಂದರೆ ಒಳಗೆ ಫೀಡ್‌ಬ್ಯಾಕ್ ಇರೋ ಆಂಪ್ಲಿಫೈಯರ್ ಇದೆ. ಗಣೇಶೋತ್ಸವದ ಪೆಂಡಾಲ್‌ನಲ್ಲಿ ಮೈಕ್ ಸ್ಪೀಕರಿನ ಹತ್ತಿರ ಹೋದರೆ 'ಕುಂಯ್ಯ್' ಅನ್ನುತ್ತಲ್ಲ, ಅದಕ್ಕೆ ಸ್ವಲ್ಪ ಮುಂಚಿನ ಸ್ಥಿತಿಯಲ್ಲಿ ಕಿವಿ ಸದಾ ಇರುತ್ತೆ ಅಂದರು. ಹಾಗಿದ್ದರೆ ಕೆಲವು ಕಿವಿಗಳು ಸುಮ್ನೆ ಕೂತಾಗಲೂ ಕುಂಯ್ ಅನ್ನಬೇಕು, ಅದು ಹೊರಗೆ ಕೇಳಬೇಕು ಅಂತಲೂ ಹೇಳಿದರು. ಮೂವತ್ತು ವರ್ಷ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಆಮೇಲೆ ಕೆಂಪ್ ಬಂದರು.

ಹೊರಗಿಂದ ಏನೂ ಸದ್ದು ಬಿಡದೆ, ಮೈಕ್ ಮಾತ್ರ ಇಟ್ಟರೂ ಎಷ್ಟೋ ಆರೋಗ್ಯವಂತ ಕಿವಿಗಳಿಂದ ಸಣ್ಣ ಶಿಳ್ಳೆ ಬರೋದು ಸಿಗುತ್ತೆ. ಒಳಗೆ ಯಾವ ಶಕ್ತಿಯೂ ಹೋಗಿಲ್ಲ, ಹೊರಗೆ ಬಂತು. ಇದು ಕಿವಿಯ ಕೈಯಿಂದಲೇ ಬಂದಿದ್ದು.

ಚಾಮರಾಜಪೇಟೆ ಚಿಕ್ಕಮ್ಮ
ಸೀನ ಅವರೇ, ಕಿವಿಯೊಳಗೆ ಆ ಆಂಪ್ಲಿಫೈಯರ್ ಯಾವುದು? ಮೂಳೆನಾ, ಪೊರೆನಾ?

ಕಿವಿಮಾತು
ಇದನ್ನು ನಾನು ಹೇಳ್ತೀನಿ. ನನ್ನ ದಿನದ ಕೆಲಸವೇ ಇವುಗಳ ಸುತ್ತ.

ಆ ಪೊರೆಯ ಮೇಲೆ ಕೋಶಗಳು ಸಾಲಾಗಿ ನಿಂತಿವೆ. ನೆತ್ತಿಯ ಮೇಲೆ ಸಣ್ಣ ಕೂದಲಿನಂಥ ಕುಚ್ಚು ಇರೋದರಿಂದ ಹೇರ್ ಸೆಲ್ ಅಂತಾರೆ. ಒಳಗಡೆ ಒಂದು ಸಾಲು, ಒಂದು ಕಿವಿಗೆ ಸುಮಾರು 3,500. ಹೊರಗಡೆ ಮೂರು ಸಾಲು, ಸುಮಾರು 12,000. ಒಂದು ಕುಚ್ಚನ್ನು ಹತ್ತಿರದಿಂದ ನೋಡೋಣ. ಕೂದಲುಗಳು ಗಿಡ್ಡದಿಂದ ಉದ್ದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ನಿಂತಿರುತ್ತವೆ. ಗಿಡ್ಡದರ ತುದಿಯಿಂದ ಪಕ್ಕದ ಉದ್ದದ್ದಕ್ಕೆ ಒಂದು ಅತಿ ಸಣ್ಣ ಎಳೆ ಕಟ್ಟಿರುತ್ತೆ. ಪೊರೆ ಅಲುಗಿದಾಗ ಕುಚ್ಚು ಉದ್ದದ ಕೂದಲಿನ ಕಡೆಗೆ ಬಾಗುತ್ತೆ, ಎಳೆ ಬಿಗಿಯಾಗುತ್ತೆ, ತುದಿಯಲ್ಲಿರೋ ಬಾಗಿಲು ತೆರೆಯುತ್ತೆ. ಮೇಲಿರೋ ದ್ರವದಲ್ಲಿ ಪೊಟ್ಯಾಸಿಯಂ ಭರ್ತಿ ಇರುತ್ತೆ, ಅದು ಒಳಗೆ ನುಗ್ಗುತ್ತೆ. ಅಲ್ಲಿಗೆ ಸದ್ದು ಹೋಗಿ ವಿದ್ಯುತ್ ಆಯಿತು. ಅತಿ ಮೆಲ್ಲನೆಯ ಸದ್ದಿಗೆ ಪೊರೆ ಅಲುಗೋದು ಒಂದು ನ್ಯಾನೋಮೀಟರಿಗಿಂತ ಕಮ್ಮಿ. ಅಷ್ಟಕ್ಕೇ ಬಾಗಿಲು ತೆರೆಯುತ್ತೆ ಅನ್ನೋದು ನಂಗೆ ಇವತ್ತಿಗೂ ಅಚ್ಚರಿ.

ಒಳಸಾಲಿನ ಕೋಶಗಳು ಈ ಸುದ್ದಿಯನ್ನು ನರಕ್ಕೆ ಕೊಡುತ್ತವೆ. ಕಿವಿಯಿಂದ ಮಿದುಳಿಗೆ ಹೋಗೋ ನರದ ಎಳೆಗಳು ಸುಮಾರು 30,000. ಅದರಲ್ಲಿ ನೂರಕ್ಕೆ 90ಕ್ಕೂ ಜಾಸ್ತಿ ಈ ಒಂದೇ ಸಾಲಿನಿಂದ ಹೊರಡುತ್ತವೆ. ಹಾಗಾದರೆ ಹೊರಗಿನ ಮೂರು ಸಾಲು ಏನು ಮಾಡ್ತಿವೆ? 1985ರಲ್ಲಿ ವಿಲಿಯಂ ಬ್ರೌನೆಲ್ ಮತ್ತು ಜೊತೆಗಾರರು ಹೊರಸಾಲಿನ ಒಂದು ಕೋಶವನ್ನು ಬಿಡಿಯಾಗಿ ತೆಗೆದು ವಿದ್ಯುತ್ ಕೊಟ್ಟರು. ಕೋಶ ಗಿಡ್ಡ ಆಯಿತು. ವಿದ್ಯುತ್ತಿನ ದಿಕ್ಕು ತಿರುಗಿಸಿದರೆ ಉದ್ದ ಆಯಿತು. ಬ್ರಿಟನ್ನಿನಲ್ಲಿ ಜೊನಾಥನ್ ಆಶ್‌ಮೋರ್ ಹಾಡಿನ ಸಿಗ್ನಲ್ಲನ್ನೇ ಕೊಟ್ಟಾಗ ಕೋಶ ತಾಳಕ್ಕೆ ಸರಿಯಾಗಿ ಕುಣಿಯಿತು. ಇದಕ್ಕೆ ಕಾರಣವಾದ ಪ್ರೋಟೀನನ್ನು 2000ದಲ್ಲಿ ಅಮೆರಿಕದ ಪೀಟರ್ ಡಾಲೋಸ್ ಅವರ ಲ್ಯಾಬ್ ಪತ್ತೆ ಮಾಡಿತು, ಹೆಸರು ಪ್ರೆಸ್ಟಿನ್. ನಮ್ಮ ಸ್ನಾಯು ಸೆಕೆಂಡಿಗೆ ಕೆಲವು ಸಲ ಎಳೆದು ಬಿಡಬಲ್ಲದು. ಇದು ಸಾವಿರಾರು ಸಲ.

ಅಂದರೆ ಸದ್ದು ಬಂದಾಗ ಹೊರಸಾಲಿನ ಕೋಶಗಳು ಅದೇ ಲಯದಲ್ಲಿ ಪೊರೆಯನ್ನು ತಳ್ಳುತ್ತವೆ. ಮೆಲ್ಲನೆಯ ಸದ್ದು 40ರಿಂದ 60 ಡೆಸಿಬಲ್‌ನಷ್ಟು ಏರುತ್ತೆ. ಜೋರಾದ ಸದ್ದಿಗೆ ಇವು ಏನೂ ಸೇರಿಸಲ್ಲ ಅಂತಲೇ ಹೇಳಬಹುದು. ಹೀಗೆ ತಳ್ಳಿದಾಗ ಸ್ವಲ್ಪ ಅಲುಗಾಟ ಹಿಂದಕ್ಕೂ ಹೊರಡುತ್ತೆ. ದ್ರವದಿಂದ ನಡುಗಿವಿಯ ಮೂರು ಪುಟ್ಟ ಮೂಳೆಗಳಲ್ಲಿ ಒಳಗಿನದಾದ ರಿಕಾಪು ಮೂಳೆಗೆ, ಅಲ್ಲಿಂದ ಉಳಿದೆರಡು ಮೂಳೆಗೆ, ಅಲ್ಲಿಂದ ತಮಟೆಗೆ. ಬಂದ ದಾರಿಯಲ್ಲೇ ವಾಪಸ್. ತಮಟೆ ಗಾಳಿಯನ್ನು ಅಲುಗಿಸುತ್ತೆ, ನಮ್ಮ ಮೈಕ್ ಅದನ್ನು ಹಿಡಿಯುತ್ತೆ. ಅದಕ್ಕೇ ನಡುಗಿವಿಯಲ್ಲಿ ನೀರಿದ್ದರೆ ಒಳಕಿವಿ ಚೆನ್ನಾಗಿದ್ದರೂ ಟೆಸ್ಟ್ ರೆಫರ್ ಬರುತ್ತೆ.

ಈ ಸದ್ದು ಹಿಡಿಯೋದಕ್ಕೆ ಓಎಇ (ಒಟೊಅಕೌಸ್ಟಿಕ್ ಎಮಿಷನ್, ಕಿವಿಯಿಂದ ಹೊರಡೋ ಸದ್ದು) ಟೆಸ್ಟ್ ಅಂತಾರೆ. ಇದು ನೋಡೋದು ಹೊರಸಾಲಿನ ಕೋಶಗಳ ಆರೋಗ್ಯ. ಅಷ್ಟು ಮಾತ್ರ.

ತಂಬೂರಿ ಮೇಷ್ಟ್ರು
ಬಹಳ ಸೊಗಸಾಗಿದೆ ಚರ್ಚೆ. ಮಲ್ಲೇಶ್ವರದಲ್ಲಿ ಮಕ್ಕಳಿಗೆ ಪಾಠ ಹೇಳೋನು ನಾನು. ತಂಬೂರಿಯಲ್ಲಿ ಇರೋದು ಪಂಚಮ, ಸಾರಣಿ, ಅನುಸಾರಣಿ, ಮಂದ್ರ. ಅಂದರೆ ಪ, ಸ, ಸ, ಸ. ಆದರೂ ಶ್ರುತಿ ಸರಿಯಾಗಿ ಕೂತಾಗ ಗಾಂಧಾರ ತಾನಾಗಿ ಕೇಳುತ್ತೆ. ಸ್ವಯಂಭೂ ಗಾಂಧಾರ ಅಂತೀವಿ. ಯಾವ ತಂತಿಯನ್ನೂ ಗಾಂಧಾರಕ್ಕೆ ಕಟ್ಟಿಲ್ಲ. ಹಾಗಾದರೆ ಈ ಗಾಂಧಾರವನ್ನು ಹುಟ್ಟಿಸೋದು ಕಿವಿಯೇನಾ?

ಸರ್ಕ್ಯೂಟ್ ಸೀನ
ಇಲ್ಲ ಮೇಷ್ಟ್ರೇ, ಗಾಂಧಾರ ತಂತಿಯದ್ದೇ. ಮಂದ್ರ ತಂತಿ 100 ಹರ್ಟ್ಸ್ ಅಂತ ಇಟ್ಟುಕೊಳ್ಳಿ. ಅದರ ಜೊತೆ 200, 300, 400, 500 ಎಲ್ಲ ಬರುತ್ತೆ. 400 ಮೇಲಿನ ಷಡ್ಜ. 500ಕ್ಕೂ 400ಕ್ಕೂ ಇರೋ ಸಂಬಂಧ ಐದಕ್ಕೆ ನಾಲ್ಕು, ಅದೇ ಅಂತರ ಗಾಂಧಾರ. ಬೇರೆ ವಾದ್ಯಗಳಲ್ಲಿ ಈ ಮೇಲಿನ ಸ್ವರಗಳು ಬೇಗ ಬಡವಾಗುತ್ತವೆ. ತಂಬೂರಿಯಲ್ಲಿ ತಂತಿ ಹಾದುಹೋಗೋ ಕುದುರೆ ಬಾಗಿರೋದರಿಂದ, ಜೀವಾಳದ ದಾರ ಇಡೋದರಿಂದ ಅವು ತುಂಬಿಕೊಂಡು ಬರುತ್ತವೆ. ಸರ್ ಸಿ.ವಿ. ರಾಮನ್ 1921ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಆಗ ಕಲ್ಕತ್ತದಲ್ಲಿದ್ದರು, ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದಿದ್ದು 1933ರಲ್ಲಿ.

ಪರೀಕ್ಷೆ ಸುಲಭ. ಫೋನಿನಲ್ಲಿ ಸ್ಪೆಕ್ಟ್ರಂ ತೋರಿಸೋ ಆ್ಯಪ್ ಹಾಕಿ ತಂಬೂರಿ ಹತ್ತಿರ ಹಿಡಿಯಿರಿ. ಗಾಂಧಾರದ ಜಾಗದಲ್ಲಿ ಗೆರೆ ಎದ್ದು ಕಾಣುತ್ತೆ. ಫೋನಿಗೂ ಕೇಳಿಸಿತು ಅಂದರೆ ಅದು ಗಾಳಿಯಲ್ಲಿ ಇದೆ.

ಕಿವಿಯೇ ಹುಟ್ಟಿಸೋ ಸ್ವರ ಬೇರೆ ಇದೆ. ಎರಡು ಫೋನ್ ತಗೊಳ್ಳಿ. ಎರಡರಲ್ಲೂ ಟೋನ್ ಜನರೇಟರ್ ಆ್ಯಪ್. ಒಂದರಲ್ಲಿ 1000, ಇನ್ನೊಂದರಲ್ಲಿ 1200 ಹರ್ಟ್ಸ್. ಒಂದೇ ಫೋನಿನಲ್ಲಿ ಎರಡನ್ನೂ ಹಾಕಬೇಡಿ. ಅದರ ಸ್ಪೀಕರೇ ಬೆರಕೆ ಮಾಡಿಬಿಡುತ್ತೆ, ಆಟ ಕೆಟ್ಟುಹೋಗುತ್ತೆ. ಮಾತಿನಷ್ಟು ಜೋರಿದ್ದರೆ ಸಾಕು. ಸ್ವಲ್ಪ ಹುಡುಕಿ ಕೇಳಿದರೆ ಕೆಳಗೆ ಮೂರನೇ ಸ್ವರ ಸಿಗುತ್ತೆ, 800ರ ಹತ್ತಿರ. ಈಗ ಎರಡನೇ ಫೋನನ್ನು 1200ರಿಂದ 1300ಕ್ಕೆ ನಿಧಾನ ಏರಿಸಿ. ಒಂದು ಸ್ವರ ನಿಂತಿದೆ, ಒಂದು ಮೇಲಕ್ಕೆ ಹೋಗ್ತಿದೆ. ಆ ಮೂರನೆಯದು ಮಾತ್ರ ಕೆಳಕ್ಕೆ ಇಳಿಯುತ್ತೆ! ಮೊದಲನೆಯದರ ಎರಡರಷ್ಟರಲ್ಲಿ ಎರಡನೆಯದನ್ನು ಕಳೆಯಿರಿ. 2000ದಲ್ಲಿ 1200 ಹೋದರೆ 800, 1300 ಹೋದರೆ 700. ಸ್ಪೆಕ್ಟ್ರಂ ಆ್ಯಪ್ ಹಾಕಿ ನೋಡಿದರೆ ಅಲ್ಲಿ ಗೆರೆಯೇ ಇಲ್ಲ.

ಇದನ್ನು ಸುಳ್ಳು ಅನ್ನೋಕೆ ಹೊರಟವರಿಗೆ ಇನ್ನೊಂದು. ಇಯರ್‌ಫೋನ್ ಹಾಕಿ 1000 ಎಡಗಿವಿಗೆ, 1200 ಬಲಗಿವಿಗೆ ಕೊಡಿ. ಮೂರನೇ ಸ್ವರ ಮಾಯ. ಎರಡೂ ಒಂದೇ ಕಾಕ್ಲಿಯಕ್ಕೆ ಹೋದರೆ ಮಾತ್ರ ಅದು ಹುಟ್ಟುತ್ತೆ.

ನಂಬಲ್ಲ ನಾನು
ನನ್ನದು ಒಂದು, ತಮ್ಮನದು ಒಂದು ಫೋನ್ ಇಟ್ಟು ಮಾಡಿದೆ. ಇಳಿಯುತ್ತೆ. ಏರಿಸ್ತಾ ಇರೋನು ನಾನೇ, ಕಿವಿಯಲ್ಲಿ ಇಳೀತಿದೆ. ಪಕ್ಕದ ರೂಮಿಂದ ಅತ್ತಿಗೆ "ಅದೇನು ಕೀರಲು ನಿಲ್ಲಿಸ್ರೋ" ಅಂದರು. ಅವರಿಗೆ ಬರೀ ಎರಡು ಕೀರಲು ಕೇಳಿಸಿತಂತೆ, ಮೂರನೆಯದು ಇಲ್ಲವಂತೆ.

ಇನ್ನೊಂದು ಪ್ರಶ್ನೆ. ಫೋನ್ ಸ್ಪೀಕರಿನಲ್ಲಿ ತಂಬೂರಿ ಆ್ಯಪ್ ಹಾಕಿದರೆ ಮಂದ್ರ ಷಡ್ಜ ಕೇಳುತ್ತಲ್ಲ? ಅಷ್ಟು ಪುಟ್ಟ ಸ್ಪೀಕರಿಂದ 100 ಹರ್ಟ್ಸ್ ಬರೋಕೆ ಸಾಧ್ಯವೇ ಇಲ್ಲ. ಅದನ್ನೂ ಕಾಕ್ಲಿಯವೇ ಮಾಡುತ್ತಾ?

ಸರ್ಕ್ಯೂಟ್ ಸೀನ
ಅತ್ತಿಗೆಯವರಿಗೆ ಕೇಳದೇ ಇರೋದು ಸಹಜ. ಬಾಗಿಲು ದಾಟಿ ಹೋಗೋ ಹೊತ್ತಿಗೆ ಸದ್ದು ಕುಗ್ಗಿರುತ್ತೆ. ಅದೂ ಅಲ್ಲದೆ ಎಲ್ಲಿ ಹುಡುಕಬೇಕು ಅಂತ ಅವರಿಗೆ ಗೊತ್ತಿರಲಿಲ್ಲ.

ಮಂದ್ರ ಷಡ್ಜದ್ದು ಬೇರೆ ಕಥೆ, ಅದು ಮಿದುಳಿನ ಕೆಲಸ. 300, 400, 500 ಒಟ್ಟಿಗೆ ಬಂದರೆ ಇವೆಲ್ಲ 100ರ ಮಕ್ಕಳು ಅಂತ ಮಿದುಳು ಲೆಕ್ಕ ಹಾಕಿ 100ರ ಶ್ರುತಿಯನ್ನೇ ಕೇಳಿಸುತ್ತೆ. ಮೊದಲು ಇದೂ ಕಿವಿಯೊಳಗಿನ ಬೆರಕೆ ಅಂದುಕೊಂಡಿದ್ದರು. ಹಾಗಿದ್ದರೆ ಆ 100ರ ಜಾಗವನ್ನು ಬೇರೆ ಗೊಗ್ಗರು ಸದ್ದಿನಿಂದ ಮುಚ್ಚಿದಾಗ ಅದು ಮುಳುಗಿಹೋಗಬೇಕಿತ್ತು. ಲಿಕ್ಲೈಡರ್ ಅನ್ನೋರು ಹಾಗೆ ಮುಚ್ಚಿ ತೋರಿಸಿದರು. ಮುಳುಗಲಿಲ್ಲ.

ಒಂದೇ ತಂಬೂರಿ ಮುಂದೆ ಕೂತು ನೋಡಿ. ಗಾಂಧಾರ ತಂತಿಯದ್ದು. ಫೋನಿನ ಮಂದ್ರ ಮಿದುಳಿನದ್ದು. ಎರಡು ಫೋನಿನ ಮೂರನೇ ಸ್ವರ ಕಾಕ್ಲಿಯದ್ದು. ಎಲ್ಲವನ್ನೂ 'ಕೇಳಿಸ್ತು' ಅಂತಲೇ ಅಂತೀವಿ.

ತಂಬೂರಿ ಮೇಷ್ಟ್ರು
ಇಬ್ಬರು ಹುಡುಗರು ಕೊಳಲಿನಲ್ಲಿ ತಾರಸ್ಥಾಯಿ ಒಟ್ಟಿಗೆ ನುಡಿಸಿದರೆ ಕೆಳಗೆ ಏನೋ ಗುಂಯ್‌ಗುಡುತ್ತೆ. ಕೊಳಲು ಸೀಳಿದೆ ಅಂತ ಬೈಯುತ್ತಿರುತ್ತಾರೆ. ಪಾಪ, ಕೊಳಲಿನದ್ದೇನೂ ತಪ್ಪಿಲ್ಲ ಅನ್ನಿ.

ಕಿವಿಮಾತು
ಮೇಷ್ಟ್ರೇ, ಇಟಲಿಯ ಪಿಟೀಲು ವಾದಕ ಟಾರ್ಟೀನಿ 1714ರಲ್ಲೇ ಇಂಥ ಮೂರನೇ ಸ್ವರ ಕೇಳಿ ಗುರುತಿಸಿದ್ದರು. ನಾವು ಆಸ್ಪತ್ರೆಯಲ್ಲಿ ದಿನಾ ಬಳಸೋದೂ ಸೀನ ಅವರು ಹೇಳಿದ ಆಟವನ್ನೇ. ಕಿವಿಗೆ ಎರಡು ಸ್ವರ ಬಿಡ್ತೀವಿ, ಎರಡರ ಅನುಪಾತ ಸುಮಾರು 1.2. ಸಾಮಾನ್ಯವಾಗಿ ಒಂದು 65 ಡೆಸಿಬಲ್, ಇನ್ನೊಂದು 55. ನಾವು ಬಿಡದ ಆ ಮೂರನೇ ಸ್ವರ ವಾಪಸ್ ಬಂದರೆ ಆ ಜಾಗದ ಕೋಶಗಳು ಬದುಕಿವೆ ಅಂತ ಅರ್ಥ. ಅದು ಎಷ್ಟು ಮೆಲ್ಲನೆ ಅಂದರೆ ಪಕ್ಕದಲ್ಲಿ ಫ್ಯಾನ್ ತಿರುಗಿದರೂ ಮುಳುಗುತ್ತೆ. ಮತ್ತೆ ಮತ್ತೆ ಅಳೆದು ಸರಾಸರಿ ತೆಗೆದಾಗಲೇ ಕಾಣೋದು.

ಯಲಹಂಕದ ಅಮ್ಮ
ಚಿಕ್ಕಮ್ಮನವರೇ, ಬಲಗಿವಿ ಪಾಸ್ ಅಂದಿರಲ್ಲ, ಅದರ ಬಗ್ಗೆ ಒಂದು ಮಾತು. ಹೆದರಿಸೋಕಲ್ಲ.

ನನ್ನ ಮಗ ದಿನ ತುಂಬುವ ಮುಂಚೆ ಹುಟ್ಟಿದ. ಕಾಮಾಲೆ ಜೋರಾಗಿತ್ತು, ಹಸುಗೂಸುಗಳ ಐಸಿಯು ಅಂದರೆ ಎನ್‌ಐಸಿಯುನಲ್ಲಿದ್ದ. ಡಿಸ್ಚಾರ್ಜ್ ದಿನ ಓಎಇ ಎರಡೂ ಕಿವಿ ಪಾಸ್. ಸದ್ಯ ಅಂದುಕೊಂಡು ಮನೆಗೆ ಬಂದೆವು. ಕುಕ್ಕರ್ ಕೂಗಿದರೆ ತಿರುಗುತ್ತಿದ್ದ. ಬಾಗಿಲು ದಬಾರ್ ಅಂದರೆ ಬೆಚ್ಚುತ್ತಿದ್ದ. ಹೆಸರು ಹಿಡಿದು ಕರೆದರೆ ಮಾತ್ರ ಒಮ್ಮೆ ನೋಡುತ್ತಿದ್ದ, ಒಮ್ಮೆ ಇಲ್ಲ. ವರ್ಷ ದಾಟಿದರೂ 'ಅಮ್ಮ' ಬರಲಿಲ್ಲ. "ಗಂಡು ಮಕ್ಕಳು ಲೇಟು, ಅವರಪ್ಪನೂ ಹಾಗೇ ಇದ್ದ" ಅಂತ ಅತ್ತೆ. ತೋರಿಸಿದಲ್ಲೆಲ್ಲ ಹಳೆ ರಿಪೋರ್ಟ್ ನೋಡಿ ಕಿವಿ ಸರಿ ಇದೆ ಅಂದರು. ಕೊನೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. ಅಲ್ಲಿ ಬೇರಾ ಮಾಡಿದಾಗ ಗೆರೆ ಸಪಾಟು. ಓಎಇ ಮಾತ್ರ ಆಗಲೂ ಚೆನ್ನಾಗೇ ಇತ್ತು. ಆಡಿಟರಿ ನ್ಯೂರೋಪತಿ ಅಂದರು. ಈಗ ನೇರ ನರಕ್ಕೆ ವಿದ್ಯುತ್ ಸಿಗ್ನಲ್ ಕೊಡೋ ಕಾಕ್ಲಿಯರ್ ಇಂಪ್ಲಾಂಟ್ ಆಗಿದೆ, ಥೆರಪಿಗೆ ಹೋಗ್ತಿದ್ದಾನೆ. ಮಾತು ಬರ್ತಿದೆ. ಬಾಯಿ ಮುಚ್ಚಿಸೋದೇ ಕಷ್ಟ ಈಗ.

ಚಾಮರಾಜಪೇಟೆ ಚಿಕ್ಕಮ್ಮ
ಅಯ್ಯೋ. ಕಿವಿ ಸದ್ದು ಮಾಡುತ್ತೆ, ಆದರೆ ಕೇಳಿಸಲ್ಲ ಅಂದರೆ ಹೇಗೆ?

ಕಿವಿಮಾತು
ಹೊರಸಾಲಿನ ಕೋಶಗಳು ಸರಿ ಇವೆ, ಹಾಗಾಗಿ ಅವು ತಳ್ಳುತ್ತವೆ, ಸದ್ದು ವಾಪಸ್ ಬರುತ್ತೆ. ತೊಂದರೆ ಇರೋದು ಒಳಸಾಲಿನಲ್ಲಿ, ಅಥವಾ ಅದು ನರಕ್ಕೆ ಸುದ್ದಿ ದಾಟಿಸೋ ಜಾಗದಲ್ಲಿ, ಅಥವಾ ನರದಲ್ಲೇ. ಓಎಇ ಅಲ್ಲಿಯ ತನಕ ಹೋಗೋದೇ ಇಲ್ಲ. ಬೇರಾದಲ್ಲಿ ತಲೆಗೆ ಎಲೆಕ್ಟ್ರೋಡ್ ಅಂಟಿಸಿ ನರ, ಮಿದುಳಿನ ಕಾಂಡದ ತನಕ ಸಿಗ್ನಲ್ ಹೋಯಿತಾ ಅಂತ ನೋಡ್ತೀವಿ. ಅದಕ್ಕೇ ಎನ್‌ಐಸಿಯುನಲ್ಲಿ ಐದು ದಿನಕ್ಕಿಂತ ಜಾಸ್ತಿ ಇದ್ದ ಮಗುವಿಗೆ, ಕಾಮಾಲೆ ಜೋರಾಗಿ ರಕ್ತ ಬದಲಿಸಿದ ಮಗುವಿಗೆ ಬೇರಾ ಮಾಡಲೇಬೇಕು. ಓಎಇ ಪಾಸ್ ಚೀಟಿ ತೋರಿಸಿ ಕಳಿಸೋದು ತಪ್ಪು. ಯಲಹಂಕದ ಅಮ್ಮ, ನಿಮಗೆ ಆಗಿದ್ದು ಹೀಗೇ. ಎಷ್ಟೋ ಜನರಿಗೆ ಹೀಗೆ ವರ್ಷ ಹೋಗಿದೆ, ಸಿಟ್ಟು ಬರುತ್ತೆ.

ನಿಮ್ಮ ಅಕ್ಕನ ಮಗು ದಿನ ತುಂಬಿ ಹುಟ್ಟಿದೆ, ಎನ್‌ಐಸಿಯು ಇಲ್ಲ ಅಂದರೆ ಬಲಗಿವಿ ಬಗ್ಗೆ ಈಗ ಚಿಂತೆ ಬೇಡ. ಇಂಪ್ಲಾಂಟ್ ದುಬಾರಿ ಅಂತ ಇದನ್ನು ಓದೋ ಯಾರಾದರೂ ಸುಮ್ಮನಾಗೋದೂ ಬೇಡ. ಕೇಂದ್ರ ಸರ್ಕಾರದ ಎಡಿಪ್ ಯೋಜನೆಯಲ್ಲಿ ಮಕ್ಕಳಿಗೆ ನೆರವಿದೆ, ವಿಚಾರಿಸಿ.

ಚಾಮರಾಜಪೇಟೆ ಚಿಕ್ಕಮ್ಮ
ಇಲ್ಲ ಮೇಡಂ, ದಿನ ತುಂಬಿಯೇ ಹುಟ್ಟಿದ್ದು. ಎರಡನೇ ಟೆಸ್ಟ್‌ಗೆ ದಿನ ಗೊತ್ತು ಮಾಡಿದ್ದೇವೆ. ಹೋಗುವಾಗ ಏನಾದರೂ ನೋಡಿಕೊಳ್ಳಬೇಕಾ? ಅಜ್ಜಿ ಕಿವಿಗೆ ಬಿಸಿ ಎಣ್ಣೆ ಬಿಡೋಣ ಅಂತಿದ್ದಾರೆ, ಜಿಡ್ಡು ಕರಗಲಿ ಅಂತ.

ಕಿವಿಮಾತು
ಎಣ್ಣೆ ಬೇಡವೇ ಬೇಡ. ಬಡ್ಸ್ ಕೂಡ ಬೇಡ. ಅಜ್ಜಿಗೆ ನನ್ನ ಹೆಸರು ಹೇಳಿ ಬೈಯಿಸಿಕೊಳ್ಳಿ. ಜಿಡ್ಡು ತಾನಾಗಿ ಹೋಗುತ್ತೆ. ಹಾಲು ಕುಡಿಸಿ ನಿದ್ದೆ ಹತ್ತೋ ಹೊತ್ತಿಗೆ ಸರಿಯಾಗಿ ಒಳಗೆ ಕರೆದುಕೊಂಡು ಹೋಗಿ. ಅಳ್ತಿರೋ ಮಗುವಿನಲ್ಲಿ ಏನೂ ಸಿಗಲ್ಲ. ರೂಮಿನಲ್ಲಿ ಟಿವಿ, ಫೋನ್, ನೆಂಟರು ಯಾರೂ ಇರಬಾರದು. ಶೀತ ಆಗಿ ಮೂಗು ಕಟ್ಟಿದ್ದರೆ ಮೊದಲೇ ಹೇಳಿ.

ರಾತ್ರಿಪಾಳಿ
ಮಧ್ಯೆ ಬಾಯಿ ಹಾಕ್ತೀನಿ. ರಾತ್ರಿ ಮಲಗಿದಾಗ ನನ್ನ ಕಿವಿ ಗುಂಯ್ ಅನ್ನುತ್ತೆ. ಅದೂ ಈ ಕೋಶಗಳ ಶಿಳ್ಳೆನಾ?

ಕಿವಿಮಾತು
ಬಹುಪಾಲು ಅಲ್ಲ. ಶಿಳ್ಳೆ ಬರೋ ಕಿವಿ ಇರೋರಿಗೆ ಸಾಮಾನ್ಯವಾಗಿ ಅದು ಕೇಳೋದೇ ಇಲ್ಲ, ಮಿದುಳು ಪಕ್ಕಕ್ಕಿಟ್ಟಿರುತ್ತೆ. ಗುಂಯ್ ಅನ್ನೋ ಟಿನ್ನಿಟಸ್ ಇರೋರಲ್ಲಿ ಸಾಮಾನ್ಯವಾಗಿ ಕೋಶಗಳು ಸೊರಗಿ ಸುದ್ದಿ ಕಮ್ಮಿಯಾಗಿರುತ್ತೆ, ಆ ಖಾಲಿ ಜಾಗವನ್ನು ಮಿದುಳು ತುಂಬುತ್ತೆ ಅಂತ ಈಗಿನ ತಿಳಿವಳಿಕೆ. ತಮಾಷೆ ಅಂದರೆ ಆಸ್ಪಿರಿನ್ ಜಾಸ್ತಿ ತಗೊಂಡರೆ ಕೋಶಗಳ ಶಿಳ್ಳೆ ನಿಲ್ಲುತ್ತೆ, ಗುಂಯ್ ಶುರುವಾಗುತ್ತೆ. ಮಾತ್ರೆ ಬಿಟ್ಟರೆ ಸರಿಹೋಗುತ್ತೆ. ದಯವಿಟ್ಟು ಯಾರೂ ಮನೆಯಲ್ಲಿ ಮಾಡಿ ನೋಡಬೇಡಿ. ಒಂದೇ ಕಿವಿಯಲ್ಲಿ ಗುಂಯ್ ಇದ್ದರೆ, ತಲೆಸುತ್ತು ಇದ್ದರೆ, ಅಥವಾ ಇದ್ದಕ್ಕಿದ್ದಂತೆ ಕೇಳಿಸೋದು ಕಮ್ಮಿಯಾದರೆ ತಡ ಮಾಡದೆ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ.

ಪೀಣ್ಯ ಎರಡನೇ ಹಂತ
ಮೇಡಂ, ನಾನು ಪ್ರೆಸ್ ಶಾಪ್‌ನಲ್ಲಿ ಕೆಲಸ ಮಾಡೋನು, ಬಹಳ ವರ್ಷ ಆಯಿತು. ಮಗಳು 'ಕಾಸು' ಅಂದರೆ 'ಕಾಲು' ಅಂತ ಕೇಳುತ್ತೆ. ಇನ್ನೊಂದು ಸಲ ಹೇಳು ಅಂದರೆ ಕಿರುಚುತ್ತಾಳೆ, ಆಗ ಕಿವಿಗೆ ಹೊಡೆದ ಹಾಗಾಗುತ್ತೆ. "ಮೆಲ್ಲಗೆ ಅಂದರೆ ಕೇಳಲ್ಲ, ಜೋರಾಗಿ ಅಂದರೆ ಬೈತೀಯ" ಅಂತಾಳೆ. ಇದೂ ಆ ಹೊರಸಾಲಿನದ್ದೇನಾ?

ಕಿವಿಮಾತು
ಅಣ್ಣಾ, ನೀವು ಹೇಳಿದ್ದು ಪುಸ್ತಕದಲ್ಲಿ ಬರೆದ ಹಾಗೇ ಇದೆ. ಹೊರಸಾಲಿನ ಕೋಶಗಳು ಮೆಲ್ಲನೆಯ ಸದ್ದನ್ನು ಮಾತ್ರ ಏರಿಸುತ್ತವೆ ಅಂದೆನಲ್ಲ. ಅವು ಹೋದರೆ ಮೆಲ್ಲನೆಯದು ಕೇಳಲ್ಲ. ಜೋರಾದದ್ದು ಮೊದಲಿನಷ್ಟೇ ಜೋರಾಗಿ ಕೇಳುತ್ತೆ. ಎರಡರ ನಡುವೆ ಜಾಗವೇ ಉಳಿಯಲ್ಲ. ಸದ್ದಿನ ಕೆಲಸದಲ್ಲಿ ಮೊದಲು ಪೆಟ್ಟು ಬೀಳೋದು 4000 ಹರ್ಟ್ಸ್ ಆಸುಪಾಸಿನ ಕೋಶಗಳಿಗೆ. 'ಸ', 'ಶ' ಥರದ ಸದ್ದುಗಳು ಇರೋದು ಆ ಮೇಲಿನ ಕಡೆಗೇ. ಅದಕ್ಕೇ ಕಾಸು ಕಾಲಾಯಿತು. ಹಕ್ಕಿಗಳಲ್ಲಿ ಹೇರ್ ಸೆಲ್ ಮತ್ತೆ ಬೆಳೆಯುತ್ತೆ, ನಮ್ಮಲ್ಲಿ ಬೆಳೆಯಲ್ಲ. ಉಳಿದಿದ್ದನ್ನು ಕಾಪಾಡಿಕೊಳ್ಳಬೇಕು. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಅನ್ನೋದು ಸುರಕ್ಷತೆಯವರ ಲೆಕ್ಕ, 3 ಡೆಸಿಬಲ್ ಏರಿದರೆ ಗಂಟೆ ಅರ್ಧ ಆಗುತ್ತೆ. 88ಕ್ಕೆ 4 ಗಂಟೆ, 91ಕ್ಕೆ 2. ನಮ್ಮ ಕಾರ್ಖಾನೆ ನಿಯಮಗಳು 90ಕ್ಕೂ 8 ಗಂಟೆ ಬಿಡುತ್ತವೆ. ನನ್ನ ಕೇಳಿದರೆ ಅದು ಜಾಸ್ತಿ.

ಮೊದಲು ಆಡಿಯೋಗ್ರಾಂ ಮಾಡಿಸಿ, ಯಾವ ಸ್ವರ ಎಷ್ಟು ಮೆಲ್ಲಗಿದ್ದರೂ ಕೇಳುತ್ತೆ ಅಂತ ನೋಡೋ ಪರೀಕ್ಷೆ ಅದು. ಶಿಫ್ಟ್ ಮುಗಿಸಿ ನೇರ ಬರಬೇಡಿ. ಗಲಾಟೆಯಲ್ಲಿದ್ದ ಕಿವಿ ಕೆಲವು ಗಂಟೆ ಮಂಕಾಗಿರುತ್ತೆ, ಇರೋದಕ್ಕಿಂತ ಕೆಟ್ಟದಾಗಿ ತೋರಿಸುತ್ತೆ. ಕಮ್ಮಿ ಅಂದರೂ 14 ಗಂಟೆ ಗದ್ದಲ ಇಲ್ಲದೆ ಇರಬೇಕು. ಕಿವಿಗೆ ಮಷಿನ್ ಹಾಕಿಕೊಳ್ಳಬೇಕಾಗಿ ಬಂದರೆ ಮೆಲ್ಲನೆಯದನ್ನು ಜಾಸ್ತಿ, ಜೋರಿನದನ್ನು ಕಮ್ಮಿ ಏರಿಸೋ ಥರದ್ದು ಕೇಳಿ. ಎಲ್ಲವನ್ನೂ ಒಂದೇ ಸಮ ಏರಿಸೋ ಅಗ್ಗದ ಪೆಟ್ಟಿಗೆ ತಗೊಂಡರೆ ಎರಡೇ ದಿನಕ್ಕೆ ಬೀರುವಿನಲ್ಲಿ ಇಡ್ತೀರಿ.

ಪೀಣ್ಯ ಎರಡನೇ ಹಂತ
ವಾರದ ರಜೆ ಮಾರನೇ ದಿನ ಬೆಳಗ್ಗೆ ಬರ್ತೀನಿ, ಅವತ್ತು ಸೆಕೆಂಡ್ ಶಿಫ್ಟ್. ಫೋಮ್ ಪ್ಲಗ್ ಕೊಟ್ಟಿದ್ದಾರೆ ಮೇಡಂ, ಆದರೆ ಹಾಕಿದರೂ ಸದ್ದು ಅಷ್ಟೇ ಕೇಳುತ್ತೆ. ಹಾಗಾಗಿ ಯಾರೂ ಹಾಕಲ್ಲ.

ಕಿವಿಮಾತು
ಕಿವಿಯ ಬಾಯಲ್ಲಿ ಸುಮ್ನೆ ಸಿಕ್ಕಿಸಿಕೊಂಡರೆ ಹಾಗೇ ಆಗೋದು. ಕೈ ತೊಳೆದುಕೊಂಡು ಪ್ಲಗ್ಗನ್ನು ಬೆರಳಲ್ಲಿ ಹೊಸೆದು ಬತ್ತಿಯಷ್ಟು ಸಣ್ಣ ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ಭಾಗ ಹಿಡಿದು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ಕೊಳವೆ ನೇರ ಆಗುತ್ತೆ. ಆಗ ಒಳಗೆ ತಳ್ಳಿ, ಉಬ್ಬೋ ತನಕ ಬೆರಳು ಒತ್ತಿ ಹಿಡಿಯಿರಿ, ಅರ್ಧ ನಿಮಿಷ ಬೇಕು. ಸರಿಯಾಗಿ ಕೂತರೆ ನಿಮ್ಮ ದನಿ ನಿಮಗೇ ದಪ್ಪಗೆ ಕೇಳುತ್ತೆ. ಬರುವಾಗ ಆ ಪ್ಲಗ್ ತನ್ನಿ, ಹಾಕಿ ತೋರಿಸ್ತೀನಿ.